ನೋಡಿಕೊಂಡೇ ಹಾಡ್ತೀನಿ

ಕಮಲಾಪುರದ ರಮಾಬಾಯಿ ಭೀಮಗೀತೆ ಹಾಡಲು ನಿಂತರೆ ಮೈಕ್ ಕೆಟ್ಟರೂ ನಡೆಯುತ್ತಿತ್ತು. ಅಂಥ ಗಂಟಲು. ಎಷ್ಟೋ ಹಾಡುಗಳನ್ನು ತಾನೇ ಕಟ್ಟಿದ್ದಳು. ಎಲ್ಲವೂ ಬಾಯಲ್ಲೇ. ಮಗ ಅಜಿತ ಪಕ್ಕದಲ್ಲಿ ಢೋಲಕ್ ಹಿಡಿದು ಕೂತರೆ ಆಯಿತು, ಮತ್ತೇನೂ ಬೇಕಿರಲಿಲ್ಲ.

ಈ ಸಲ ಭೀಮಜಯಂತಿಯ ದಿನ, ಕಲಬುರಗಿಯ ಜಗತ್ ಸರ್ಕಲ್ಲಿನಲ್ಲಿ ಜನ ಕಿಕ್ಕಿರಿದು ನಿಂತಿದ್ದಾಗ, ಆಕೆ ಎರಡನೇ ನುಡಿಗೆ ಬಂದು ನಿಂತುಬಿಟ್ಟಳು. ಎಷ್ಟು ತಡಕಾಡಿದರೂ ಮುಂದಿನ ಸಾಲು ಸಿಗಲಿಲ್ಲ. ಮೊದಲ ನುಡಿಯನ್ನೇ ಮತ್ತೊಮ್ಮೆ ಹಾಡಿ ಕೆಳಗಿಳಿದಳು. ಸುಳಿವು ಮೊದಲೇ ಸಿಕ್ಕಿತ್ತು. ಕೆಲವು ವಾರಗಳ ಹಿಂದೆ, ದಾರಿಯ ಮಹಾಗಾಂವದಲ್ಲಿ ಇಳಿಯಬೇಕಾದವಳು ಮರೆತು ಬಸ್ಸಿನಲ್ಲೇ ಕೂತು ಕಲಬುರಗಿ ಮುಟ್ಟಿದ್ದಳು. ಯಾರಿಗೂ ಹೇಳಿರಲಿಲ್ಲ.

ಊರಿನ ಕಾರ್ಯಕ್ರಮಗಳನ್ನೆಲ್ಲ ನಡೆಸುವ ದತ್ತಪ್ಪ ಮರುದಿನವೇ ಮನೆಗೆ ಬಂದ. "ಅಕ್ಕಾ, ಭಾಳ ಹಾಡೀದಿ. ಇನ್ನ ಆರಾಮ ಕುಂಡ್ರು. ಮುಂದಿನ ಸಲಕ್ಕ ಬ್ಯಾರೆಯವರನ್ನ ಕರಸ್ತೀವಿ."

"ಯಾಕೋ, ನನ್ನ ಗಂಟಲಿಗೆ ವಯಸ್ಸಾಗ್ಯಾದೇನು?"

"ಗಂಟಲಿಗಲ್ಲಕ್ಕಾ, ತಲಿಗೆ."

ಆ ಮಾತು ಎದೆಗೆ ನಾಟಿತು. ಐವತ್ತಾರಕ್ಕೇ ತಲೆಗೆ ವಯಸ್ಸಾಗುವುದೆಂದರೇನು? ಅಜಿತನನ್ನು ಎಬ್ಬಿಸಿಕೊಂಡು ಕಲಬುರಗಿಯ ಬಸ್ಸು ಹತ್ತಿದಳು.

ಡಾಕ್ಟರ್ ಅಫ್ರೀನ್ ಎರಡೂ ತೋಳಿಗೆ ಪಟ್ಟಿ ಕಟ್ಟಿ ಬಿಪಿ ನೋಡಿದರು. ಸ್ವಲ್ಪ ಹೊತ್ತು ಕೂರಿಸಿ ಮತ್ತೆ ನೋಡಿದರು. ತಲೆಯ ಸ್ಕ್ಯಾನ್ ಮಾಡಿಸಿದರು.

"ಬಿಪಿ ಗುಳಗಿ ತಗೋತಿದ್ರೇನ್ರಿ ಅಮ್ಮಾ?"

"ಹಿಂದ ಕೊಟ್ಟಿದ್ರು. ತಲಿ ನೋಯ್ತಿರಲಿಲ್ಲ, ಏನೂ ಆಗ್ತಿರಲಿಲ್ಲ. ಬಿಟ್ಟೆ."

"ಬಿಪಿ ಸಪ್ಪಳ ಮಾಡಂಗಿಲ್ರೀ. ವರ್ಷಗಟ್ಟಲೆ ರಕ್ತ ಜೋರಲೇ ಹರದು ಮಿದುಳಿನ ಸಣ್ಣ ಸಣ್ಣ ರಕ್ತನಾಳ ಕೆಟ್ಟಾವ. ಅಲ್ಲಲ್ಲಿ ರಕ್ತ ಸರಿಯಾಗಿ ಮುಟ್ಟಿಲ್ಲ. ಅದಕ್ಕೇ ವಿಚಾರ ನಿಧಾನ ಆಗ್ಯಾದ, ಮರವು ಬರಾಕತ್ತದ."

"ಹೋದದ್ದು ತಿರುಗಿ ಬರ್ತದೇನ್ರಿ?"

ಅಫ್ರೀನ್ ಸುಳ್ಳು ಹೇಳಲಿಲ್ಲ. "ಎಲ್ಲಾ ಬರ್ತದ ಅನ್ನಾಕ ಆಗಂಗಿಲ್ಲ. ಬಿಪಿ ಹಿಡಿತದಾಗಿಟ್ರ ಇನ್ನಷ್ಟು ಕೆಡೋದು ತಡೀಬಹುದು. ಸ್ವಲ್ಪ ಸುಧಾರಿಸಲೂಬಹುದು."

ಆಟೋದಲ್ಲಿ ಅಜಿತ ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡ. "ಯಾಕ ಅಳತೀಯೋ? ನಾ ಇನ್ನ ಅದೀನಿ," ಎಂದು ಗದರಿದಳು.

ಅಂದಿನಿಂದ ಉಪ್ಪಿನಕಾಯಿ ಭರಣಿ ಪಕ್ಕದ ಮನೆಗೆ ಹೋಯಿತು. ಬೆಳಿಗ್ಗೆ ರೊಟ್ಟಿ ತಿಂದ ಮೇಲೆ ಗುಳಿಗೆ, ಸಂಜೆ ಹೊಲದ ದಾರಿಯಲ್ಲಿ ನಡಿಗೆ. ಅಜಿತ ಹಾಡುಗಳನ್ನು ದಪ್ಪಕ್ಷರದಲ್ಲಿ ಬರೆದುಕೊಟ್ಟ. ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟವಳು ಅಕ್ಷರಗಳ ಮೇಲೆ ಬೆರಳಿಟ್ಟು, ತಪ್ಪಿದಲ್ಲಿ ಬೈದುಕೊಂಡು, ಹೊಸದಾಗಿ ಓದಲು ಕಲಿತಳು.

ಕಮಲಾಪುರದಲ್ಲಿ ಬೌದ್ಧ ದೀಕ್ಷೆಯ ನೆನಪಿನ ಧಮ್ಮಚಕ್ರ ದಿನ ಬಂತು. ದತ್ತಪ್ಪ ಹೊರಗಿನ ತಂಡವನ್ನು ಕರೆಸಿದ್ದ. ಯಾರೂ ಕರೆಯದಿದ್ದರೂ ರಮಾಬಾಯಿ ಬಿಳಿ ಸೀರೆ ಉಟ್ಟು, ಢೋಲಕ್ ಹೊತ್ತ ಅಜಿತನೊಡನೆ ಬಂದು ವೇದಿಕೆಯ ಮೆಟ್ಟಿಲು ಹತ್ತಿದಳು. ದತ್ತಪ್ಪ ಅಡ್ಡ ನಿಂತ.

"ಅಕ್ಕಾ, ಇಷ್ಟ ಮಂದಿ ಮುಂದ ಮತ್ತ ಮರತ್ರ?"

"ಮರೀತೀನಿ. ಏನೀಗ? ದಾರಿ ಬಿಡು."

ಅವನು ಸರಿದ. ಕನ್ನಡಕ ಹಾಕಿ ಹಾಳೆ ಬಿಚ್ಚಿದಳು. ಮುಂದೆ ಕೂತಿದ್ದ ಒಬ್ಬ ನಕ್ಕ: "ಚೀಟಿ ನೋಡಿ ಹಾಡ್ತಾಳಲೇ!"

ರಮಾಬಾಯಿ ಮೈಕ್ ಹತ್ತಿರ ಎಳೆದುಕೊಂಡಳು. "ಹೌದಪ್ಪಾ, ನೋಡಿಕೊಂಡೇ ಹಾಡ್ತೀನಿ. ಬಿಪಿ ನನ್ನ ಮಿದುಳಿಗೆ ಹೊಡದದ. ಗುಳಗಿ ನುಂಗಾಕತ್ತೀನಿ, ಅದರಾಗ ನಾಚಿಕಿ ಏನದ? ನಕ್ಕವರು ಮೊದಲ ನಿಮ್ಮ ಬಿಪಿ ನೋಡಿಸ್ಕೋರಿ, ಆಮ್ಯಾಲ ನಗ್ರಿ."

ನಗು ನಿಂತಿತು. ಹಾಡು ಶುರುವಾಯಿತು. ನಡುವೆ, ಹಾಳೆ ಕೈಯಲ್ಲಿದ್ದರೂ, ಸಾಲು ತಪ್ಪಿತು. ಅಜಿತ ಗಾಬರಿಯಾಗಿ ಢೋಲಕ್ ಜೋರು ಮಾಡಿ ಮುಚ್ಚಿಹಾಕಲು ಹೋದ. ಆಕೆ ಕೈಯೆತ್ತಿ ಅವನನ್ನು ತಡೆದಳು. ಮುಚ್ಚುವುದು ಬೇಡ. ಬೆರಳು ಹಾಳೆಯ ಮೇಲೆ ನಿಧಾನ ಕೆಳಗಿಳಿಯಿತು.

ಹಿಂದಿನಿಂದ ಒಬ್ಬ ಹೆಣ್ಣುಮಗಳು ಕೂಗಿದಳು: "ಸಾವಕಾಶ ಹಾಡ ಯವ್ವಾ, ನಾವ್ ಎಲ್ಲಿಗೂ ಹೋಗಂಗಿಲ್ಲ!"

"ನಾನೂ ಹೋಗಂಗಿಲ್ಲವಾ," ಎಂದಳು ರಮಾಬಾಯಿ. ಸಾಲು ಸಿಕ್ಕಿತು. ದನಿ ಎತ್ತಿದಳು.