ಸೆಗಣಿಯ ಕೆಳಗಿನ ಬಿರುಕು

ಸುಮಾರು ನೂರೆಪ್ಪತ್ತು ವರ್ಷಗಳ ಹಿಂದಿನ ಮಾತು. ಸವಡಿಯಿಂದ ರೋಣದ ಸಂತೆಗೆ ಹೋಗುವ ದಾರಿಯಲ್ಲಿ ಒಂದು ಹಳ್ಳ. ಹಳ್ಳಕ್ಕೆ ಮೂರು ಹಾಸುಗಲ್ಲಿನ ಪುಟ್ಟ ಪೂಲು, ಅಂದರೆ ಸೇತುವೆ. ಅದು ಸವಡಿಯ ಈಶಪ್ಪನ ಅಜ್ಜ ಹಾಕಿಸಿದ್ದು. ಅದಕ್ಕೇ ಪ್ರತಿ ಅಮಾವಾಸ್ಯೆಗೆ ಆ ಮನೆಯ ಸೊಸೆ ಪೂಲನ್ನು ಸೆಗಣಿಯಿಂದ ಸಾರಿಸಿ ರಂಗೋಲಿ ಹಾಕಬೇಕು. ಇಪ್ಪತ್ತು ವರ್ಷದಿಂದ ಆ ಕೆಲಸ ಈಶಪ್ಪನ ಹೆಂಡತಿ ಸಿದ್ದವ್ವನದು.

ಒಂದು ಅಮಾವಾಸ್ಯೆಯಂದು ಸಾರಿಸುವಾಗ ನಡುಗಲ್ಲಿನ ಬಿರುಕಿನಲ್ಲಿ ಅವಳ ಕಿರುಬೆರಳು ಒಂದು ಗೆಣ್ಣಿನಷ್ಟು ಇಳಿಯಿತು. ಹೋದ ವರ್ಷ ಉಗುರಷ್ಟೇ ಇಳಿಯುತ್ತಿತ್ತು. ತಿಂಗಳು ತಿಂಗಳೂ ತಾನೇ ಅದನ್ನು ಮುಚ್ಚುತ್ತ ಬಂದಿದ್ದಳಲ್ಲ! ಬಸುರಿ ಮಗಳು ಬಾಳವ್ವನಿಗೆ ಈಗ ನಾಲ್ಕು ತಿಂಗಳು. ಏಳರಲ್ಲಿ ತವರಿಗೆ ಕರೆತರುವ ಬಂಡಿ ಇದರ ಮೇಲೆಯೇ ದಾಟಬೇಕು.

ಮನೆಯಲ್ಲಿ ಹೇಳಿದರೆ ಈಶಪ್ಪ ನಕ್ಕ.

"ನಮ್ಮಜ್ಜ ಹಾಕಿಸಿದ ಕಲ್ಲದು. ಇಷ್ಟ ವರ್ಷ ಜಗ್ಗಿಲ್ಲ, ನಿನ್ನ ಬೆರಳಿಗೆ ಹೆದರತೈತೇನ?"

"ಅಜ್ಜಾರ ಕಾಲದಾಗ ಹೇರು ಹೊತ್ತ ಎತ್ತು ನಡೀತಿದ್ವು. ಈಗ ನೋಡ್ರಿ, ಹತ್ತಿ ಬಂಡಿ ಸಾಲ ಹಚ್ಚಿ ನಿಂತಾವು. ಕಲ್ಲಿಗೇನ ಗೊತ್ತು ನಿಮ್ಮಜ್ಜನ ಹೆಸರು?"

"ಹಂಗಾರ ಮುಂದಿನ ಅಮಾಸಿಗೆ ಇನ್ನಷ್ಟು ದಪ್ಪ ಸಾರಸು."

"ಇನ್ನ ಸಾರಸಂಗಿಲ್ಲ," ಎಂದಳು ಸಿದ್ದವ್ವ.

ಮರುದಿನ ಬೆಳಗ್ಗೆ ಕೊಡ, ಕಸಬರಿಗೆ ಹಿಡಿದು ಹೋಗಿ ಕಲ್ಲನ್ನು ತಿಕ್ಕಿ ತೊಳೆದಳು. ಕಲ್ಲು ಒಡೆಯುವ ಹೊಳೆವ್ವನನ್ನೂ ಕರೆಸಿದ್ದಳು. ಎರಡೂ ಕಡೆ ಬಂಡಿಗಳು ನಿಂತವು.

"ಏನವಾ ಸಿದ್ದಕ್ಕಾ, ಪೂಲಿಗೆ ಎಣ್ಣಿ-ನೀರು ಹಾಕಾಕತ್ತೀಯೇನ?" ಬಂಡಿಯ ಸುಭಾನಸಾಬ ಛೇಡಿಸಿದ.

ಸುದ್ದಿ ಕೇಳಿ ಈಶಪ್ಪ ಓಡಿ ಬಂದ. ಹೊಳೆವ್ವ ಪಕ್ಕದ ಕಲ್ಲಿಗೆ ಸುತ್ತಿಗೆ ಬಡಿದಳು. ಠಣ್! ನಡುಗಲ್ಲಿಗೆ ಬಡಿದಳು. ಬದ್.

"ಧಣ್ಯಾರ, ಚಲೋ ಕಲ್ಲು ಕೂಗತೈತಿ. ಇದು ಕೂಗವಲ್ದು. ಒಳಗ ಒಡದೈತಿ."

"ಅದೊಂದ ಕಲ್ಲು ಬದಲಿಸಿದ್ರ ಸಾಕಲ್ಲ?" ಎಂದ ಈಶಪ್ಪ.

"ಬಂಡಿ ಕಡಿಮಿ ಆಗ್ತಾವೇನ್ರಿ? ಉಳಿದ ಎರಡಕ್ಕೂ ಇದ ಗತಿ. ಗಟ್ಟಿ ಕಮಾನ ಕಟ್ರಿ. ಎರಡು ಬಂಡಿ ಎದುರಾಬದುರ ದಾಟುವಷ್ಟು ಅಗಲ ಇರ್ಲಿ."

ಸಿದ್ದವ್ವ ಗಂಡನ ಮುಖ ನೋಡಿದಳು.

"ಬಾಳವ್ವನ ಬಂಡಿ ಹೊಡಕೊಂಡು ಬರಾವ್ರು ನೀವ. ಈ ಕಲ್ಲಿನ ಮ್ಯಾಲೆ ಹೊಡೀತೀರೇನ? ಹ್ಞೂ ಅನ್ರಿ, ಈಗಿಂದೀಗ ಸಾರಸ್ತೀನಿ."

ಈಶಪ್ಪ ಬಾಗಿ ಬಿರುಕಿನಲ್ಲಿ ತನ್ನ ಬೆರಳಿಟ್ಟು ನೋಡಿದ. ಎದ್ದು ನಿಂತವನೇ ಕೂಗಿದ: "ಸುಭಾನಣ್ಣಾ, ಬಂಡಿ ಹಿಂದಕ್ಕ ತಗೋ! ಎಲ್ಲಾರೂ ಹಳ್ಳದಾಗ ಇಳದು ದಾಟ್ರಿ!"

ಹೊಸ ಕಮಾನು ಕಟ್ಟಲು ಊರ ಮನೆಮನೆಯವರೂ ಕೈ ಹಚ್ಚಿದರು. ಬಂಡಿಯವರು ಸುಣ್ಣ, ಕಲ್ಲು ಹೇರಿ ತಂದರು. ಹಾರೆ ಹಾಕಿ ನಡುಗಲ್ಲನ್ನು ಎಬ್ಬಿಸುತ್ತಿದ್ದಂತೆಯೇ ಅದು ಎರಡು ಹೋಳಾಗಿ ಹಳ್ಳಕ್ಕೆ ಬಿತ್ತು. ಅಂದು ಛೇಡಿಸಿದ್ದ ಸುಭಾನಸಾಬ ಅದನ್ನು ಕಂಡು ಮೆಲ್ಲಗೆ ತನ್ನ ಎತ್ತಿನ ಬೆನ್ನು ಸವರಿದ. ಒಂದು ಹೋಳನ್ನು ಈಶಪ್ಪ ಹಿತ್ತಲಿಗೆ ತಂದು ಬಟ್ಟೆ ಒಗೆಯಲು ಹಾಕಿಸಿದ.

ಮುಂಗಾರಿಗೆ ಮೊದಲೇ ಬಾಳವ್ವನ ಬಂಡಿ ಹೊಸ ಕಮಾನಿನ ಮೇಲೆ ಬಂತು. ಸಿದ್ದವ್ವ ಅಮಾವಾಸ್ಯೆಯ ರಂಗೋಲಿ ಬಿಡಲಿಲ್ಲ. ಆದರೆ ಮೊದಲು ತೊಳೆದು, ಕಲ್ಲು ಕಲ್ಲಿಗೂ ಕೈಯಾಡಿಸಿ ನೋಡುತ್ತಿದ್ದಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರಿನ ಹಳ್ಳದ ಸೇತುವೆ ಯಾವ ಕಾಲದ್ದು? ಅಂದು ಎಷ್ಟು ಬಂಡಿ ದಾಟುತ್ತಿದ್ದವು, ಇಂದು ಎಷ್ಟು ಲಾರಿ, ಟ್ರ್ಯಾಕ್ಟರ್, ಶಾಲೆಯ ಬಸ್ಸು ದಾಟುತ್ತಿವೆ? ಈ ವಾರವೇ ಹೋಗಿ ನೋಡಿ. ಬಿರುಕು ಕಂಡರೆ ಗಿಲಾವು ಮಾಡಿ ಮುಚ್ಚಬೇಡಿ. ಮಳೆಗಾಲಕ್ಕೆ ಮೊದಲೇ ಪಂಚಾಯಿತಿಗೆ ಅರ್ಜಿ ಕೊಡಿ, ಹೊಸ ಸೇತುವೆ ಆಗುವವರೆಗೂ ಕೇಳುತ್ತಲೇ ಇರಿ. ಅದರ ಮೇಲೆ ದಾಟುವವರು ನಿಮ್ಮ ಮನೆಯವರೇ.