ಹಾಡಿಗೆ ಸೇರಿದ ಗದ್ದೆ

ಕಾಡೂ ಉಳಿಯಬೇಕು, ಕಾಡಂಚಿನವರ ಹಳೆಯ ಉಳುಮೆಗೆ ಪಟ್ಟಾವೂ ಸಿಗಬೇಕು ಎಂದು ಶಿಕಾರಿಪುರದ ಗುರುಪ್ರಕಾಶ್ ಮೇಷ್ಟ್ರು ಗೀತನಾಟಕ ಕಟ್ಟಿದ್ದರು. ಸೊರಬದ ಪ್ರದರ್ಶನಕ್ಕೆ ಅರಣ್ಯಾಧಿಕಾರಿಯನ್ನೂ ಕರೆದಿದ್ದರು. ಕ್ಯಾಸನೂರು ಕಡೆಯ ರೋಜಾ ಕೊನೆಗೆ ತನ್ನ ಕೇರಿಯ ನಾಟಿ ಹಾಡು ಹೇಳಬೇಕಿತ್ತು. ಯಾರ ಅಜ್ಜ ಯಾವ ಗದ್ದೆ ಮಾಡಿದನೆಂದು ಹೊಗಳುವ ಹಾಡು ಅದು. ಉಳುಮೆ ಹಳೆಯದೆನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ ಎಂದಿದ್ದರು ಮೇಷ್ಟ್ರು.

ಯಾರಾದರೂ ಹೊಸ ಗದ್ದೆ ಮಾಡಿದರೆ ಹಾಡಿಗೆ ಅವರದೊಂದು ಸಾಲು ಸೇರಿಸುವುದು ಕೇರಿಯ ವಾಡಿಕೆ. ಬಿಟ್ಟರೆ ಆ ಮನೆಗೆ ಅವಮಾನ. ತಾಲೀಮಿನಲ್ಲಿ ರೋಜಾ ತನ್ನ ಮನೆಯ ಹೊಸ ಸಾಲು ಹಾಡಿರಲಿಲ್ಲ. ಇಂದು ಅಪ್ಪ ಗುತ್ಯಪ್ಪ ಎದುರಿಗೇ ಕೂತಿದ್ದ. ಹೋದ ಬೇಸಿಗೆಯಲ್ಲಿ ಹಳ್ಳದ ಮೇಲಿನ ಮತ್ತಿ ಮರ ಉರುಳಿಸಿ ಗದ್ದೆ ಮಾಡಿದ ಗಂಡು ಗುತ್ಯಪ್ಪ ಎಂದು ದನಿಯೆತ್ತಿ ಹಾಡಿದಳು.

ಮೇಷ್ಟ್ರ ಕೈ ಹಾರ್ಮೋನಿಯಂ ಮೇಲೆ ನಿಂತುಬಿಟ್ಟಿತು. ಅಧಿಕಾರಿ ಎದ್ದು ರಂಗದ ಹತ್ತಿರ ಬಂದರು.

"ಚೆನ್ನಾಗ್ ಹಾಡ್ತೀಯಮ್ಮ. ಆ ಮತ್ತಿ ಮರ ಕಡ್ದೋರು ಯಾರು ಅಂತ ನಾವು ಹುಡುಕ್ತಾನೇ ಇದ್ವಿ. ಗುತ್ಯಪ್ಪ ಬಂದಿದಾನಾ ಇಲ್ಲಿ?"

ಕೂತೇ ಇರು ಎಂದು ರೋಜಾ ಅಪ್ಪನಿಗೆ ಕೈಸನ್ನೆ ಮಾಡಿದಳು. ಗುತ್ಯಪ್ಪ ಆಗಲೇ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು, ಜನರ ನಡುವೆ ಎದ್ದು ನಿಂತಿದ್ದ.

"ನಾನೇ ಸ್ವಾಮಿ," ಎಂದ, ಹೆಮ್ಮೆಯಿಂದ.