ಶನಿವಾರದ ಬಟವಾಡೆ

ಹುಚ್ಚಕ್ಕನ ಮೂರು ಬೆರಳು ಹೋದ ದಿನವೂ ಓಬಳೇಶ ಲೆಕ್ಕ ಬರೆದಿದ್ದ. ಶೇಂಗಾ ಸುಲಿಯುವ ಮಿಷನ್ನಿನ ಬೆಲ್ಟಿಗೆ ಅವಳ ಬಲಗೈ ಸಿಕ್ಕಿದ್ದು ಬೆಳಿಗ್ಗೆ ಹನ್ನೊಂದಕ್ಕೆ. ಅವಳನ್ನು ಆಟೋದಲ್ಲಿ ಆಸ್ಪತ್ರೆಗೆ ಒಯ್ದರು. ರಕ್ತವಾದ ಬೀಜವನ್ನು ಒಂದು ಪುಟ್ಟಿಯಷ್ಟು ಬಾಚಿ ಆಚೆ ಹಾಕಿದರು, ಬೆಲ್ಟಿಗೆ ನೀರು ಹೊಡೆದರು. ಅರ್ಧ ಗಂಟೆಗೆಲ್ಲ ಮಿಷನ್ ಮತ್ತೆ ತಿರುಗಿತು. ಸಂಜೆ ಓಬಳೇಶ ಬಟವಾಡೆ ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ‘ಅರ್ಧ ದಿನ’ ಎಂದು ಬರೆದ. ಸಾಹುಕಾರರು ಹೇಳಿದ್ದರು, ಅವನು ಬರೆದ.

ಮಿಲ್ಲಿನ ಹೆಂಗಸರ ಕೂಲಿಯಲ್ಲಿ ನಾಲ್ಕು ವರ್ಷದಿಂದ ವಾರಕ್ಕೆ ಮೂವತ್ತು ರೂಪಾಯಿ ವಿಮೆಗೆಂದು ಹಿಡಿಯುತ್ತಿದ್ದರು. ಆ ವಿಮೆ ಕೇಳಲು ಹುಚ್ಚಕ್ಕ ಕೈಗೆ ಬಟ್ಟೆ ಸುತ್ತಿಕೊಂಡೇ ಬಂದಳು. “ವಿಮೆಯವ್ರು ಒಪ್ಲಿಲ್ಲ ಕಣಮ್ಮ, ನಿನ್ನದೇ ತಪ್ಪು ಅಂದ್ರು,” ಎಂದರು ಸಾಹುಕಾರ ಜಂಬುಲಿಂಗಪ್ಪ. ಎರಡು ತಿಂಗಳಾದ ಮೇಲೆ ಅವಳು ಎಡಗೈಯಲ್ಲಿ ಬೀಜ ಆರಿಸಲು ಕುಳಿತಳು, ಅರ್ಧ ಕೂಲಿಗೆ. ಆ ಅರ್ಧವನ್ನೂ ಓಬಳೇಶನೇ ಬರೆದ.

ಓಬಳೇಶ ಕೊಂಡ್ಲಹಳ್ಳಿಯವನು. ಎಸ್ಸೆಸ್ಸೆಲ್ಸಿ ಓದಿ, ಊರಲ್ಲಿ ಒಂದಷ್ಟು ವರ್ಷ ಕೂಲಿ ಮಾಡಿ, ಚಳ್ಳಕೆರೆಯ ಈ ಎಣ್ಣೆ ಮಿಲ್ಲಿಗೆ ಚೀಲ ಎಣಿಸಲು ಬಂದ. ಕೈಬರಹ ಚೆಂದವಿತ್ತು, ಗುಮಾಸ್ತನಾದ. ಅದಾಗಿ ಹತ್ತೊಂಬತ್ತು ವರ್ಷ. ಚೀಲದ ಲೆಕ್ಕ, ಕೂಲಿಯ ಲೆಕ್ಕ, ಬ್ಯಾಂಕಿನ ಚೀಟಿ ಎಲ್ಲ ಅವನ ಕೈಯಲ್ಲೇ ಆಗುತ್ತಿತ್ತು. ದೊಡ್ಡ ಖಾತೆ ಪುಸ್ತಕ ಮಾತ್ರ ಸಾಹುಕಾರರ ಮನೆ ಬೀರುವಿನಲ್ಲಿ. ಅದನ್ನು ಅವನು ಮುಟ್ಟುವ ಹಾಗಿರಲಿಲ್ಲ. ಸಂಬಳ ಹನ್ನೊಂದು ಸಾವಿರ.

ಯುಗಾದಿ ಕಳೆದ ಮೇಲೆ ಸಾಹುಕಾರರ ಮಗ ಶಶಿಕಾಂತ್ ಆಫೀಸಿಗೆ ಕಂಪ್ಯೂಟರ್ ತರಿಸಿದ. “ಬಿಕಾಂ ಹುಡುಗ ಬರ್ತಾನೆ ಓಬಳೇಶ. ನೀನು ತಿರ್ಗಾ ಚೀಲ ಎಣಿಸು.”

“ನಾನೇ ಮಾಡ್ತೀನಲ್ರಿ ಸಣ್ಣ ಸಾವ್ಕಾರ್ರೆ. ನನಗೆ ಗೊತ್ತಿಲ್ಲದ್ದು ಏನೈತೆ ಇಲ್ಲಿ?”

“ನಿನ್ನತ್ರ ಕಾಗದ ಎಲ್ಲೈತೆ? ಲೆಕ್ಕಪತ್ರದ ಪರೀಕ್ಷೆ ಪಾಸು ಮಾಡ್ಕಂಡು ಬಾ. ಖಾತೆ ಪುಸ್ತಕ ನಿನಗೇ ಕೊಡ್ತೀನಿ. ಹದಿನೆಂಟು ಸಾವಿರ.”

ಶಶಿಕಾಂತ್ ತಮಾಷೆಗೆ ಅಂದಿದ್ದ. ಬಡವನ ಕಿವಿಗೆ ಸಾಹುಕಾರನ ತಮಾಷೆಯೂ ಮಾತು ಕೊಟ್ಟ ಹಾಗೆಯೇ ಕೇಳಿಸುತ್ತದೆ, ಹಾಳಾದ್ದು. ಓಬಳೇಶ ಪರೀಕ್ಷೆಗೆ ಶುಲ್ಕ ಕಟ್ಟಿದ. ಹಳೇ ಪುಸ್ತಕ ಕೊಂಡ. ಕೊಂಡ್ಲಹಳ್ಳಿಯ ಬಸ್ಸಿನಲ್ಲಿ ಓದಿದ, ಊಟದ ಹೊತ್ತಿನಲ್ಲಿ ಚೀಲದ ಅಟ್ಟಿಯ ಹಿಂದೆ ಕೂತು ಓದಿದ.

“ಏನಪ್ಪಾ, ಮೀಸೆ ನರೆತ ಮ್ಯಾಲೆ ಇಸ್ಕೂಲಿಗೆ ಸೇರ್ಕಂಡಿಯಾ?” ಎಂದು ಹುಚ್ಚಕ್ಕ ನಕ್ಕಳು.

ಪುಸ್ತಕದಲ್ಲಿದ್ದದ್ದು ಬಹುಪಾಲು ಅವನು ಹತ್ತೊಂಬತ್ತು ವರ್ಷ ಮಾಡಿದ ಕೆಲಸವೇ. ಹೆಸರು ಮಾತ್ರ ಗೊತ್ತಿರಲಿಲ್ಲ. ಹೊಸದೆಂದರೆ ಒಂದೇ: ಪ್ರತಿ ಹಣಕ್ಕೂ ಎರಡು ಕಡೆ, ಇಲ್ಲಿ ಬಂದದ್ದು ಅಲ್ಲಿ ಹೋಗಿರಲೇಬೇಕು, ಕೊನೆಗೆ ಎರಡೂ ತಾಳೆಯಾಗಬೇಕು. ಪುಸ್ತಕದ ಉದಾಹರಣೆಯಲ್ಲಿ ಯಾರೋ ಮೇಜು ಕುರ್ಚಿ ಮಾರುತ್ತಿದ್ದರು. ಅದು ಅವನ ತಲೆಗೆ ಹತ್ತಲಿಲ್ಲ. ತನಗೆ ಗೊತ್ತಿದ್ದ ಲೆಕ್ಕದಲ್ಲೇ ಅಭ್ಯಾಸ ಮಾಡೋಣವೆಂದು ಮಿಲ್ಲಿನ ನಾಲ್ಕು ವರ್ಷದ ಲೆಕ್ಕವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಹೋದ.

ತಾಳೆಯಾಗಲಿಲ್ಲ. ಎರಡು ಲಕ್ಷದ ಮೇಲೆ ವ್ಯತ್ಯಾಸ ಬಂತು. ಹೆಂಗಸರಿಂದ ಹಿಡಿದ ವಿಮೆಯ ಹಣ ಒಂದು ಕಡೆ ಇತ್ತು, ವಿಮೆಗೆ ಕಟ್ಟಿದ್ದು ಇನ್ನೊಂದು ಕಡೆ ಎಲ್ಲೂ ಇರಲಿಲ್ಲ. ಮೂರು ಸಲ ಕೂಡಿದ. ಹತ್ತೊಂಬತ್ತು ವರ್ಷ ಉಪ್ಪು ತಿಂದವನು ನೋಡಿ, ಸಾಹುಕಾರರ ಮೇಲೆ ಅನುಮಾನ ಬರಲಿಲ್ಲ. ತಾನೇ ಎಲ್ಲೋ ತಪ್ಪಿದ್ದೇನೆ, ಪರೀಕ್ಷೆಯಲ್ಲೂ ಹೀಗೇ ತಪ್ಪಿದರೆ ಏನು ಗತಿ ಎಂದು ಹೆದರಿದ.

ಪರೀಕ್ಷೆ ಸೋಮವಾರ. ಶನಿವಾರ ಸಂಜೆ ನಾಲ್ಕಕ್ಕೆ ಎಂದಿನಂತೆ ಬಟವಾಡೆ. ಅಂಗಳದಲ್ಲಿ ನಲವತ್ತು ಹೆಂಗಸರು. ಅಲ್ಲಿನ ಪದ್ಧತಿ ಎಂದರೆ, ಓಬಳೇಶ ಹೆಸರು ಕೂಗಬೇಕು. ಹೆಸರಿನವಳು “ಬಂದೆ” ಎಂದು ಮುಂದೆ ಬಂದು ನಿಲ್ಲಬೇಕು. ಶಶಿಕಾಂತ್ ನೋಟು ಎಣಿಸಿ ಕೊಡುತ್ತಾನೆ. ಕೂಗುವ ಮೊದಲು ಓಬಳೇಶ ನೋಟ್‌ಬುಕ್ ತೆರೆದು ಅವನ ಮುಂದೆ ಹಿಡಿದ.

“ಸಣ್ಣ ಸಾವ್ಕಾರ್ರೆ, ಒಂಚೂರು ನೋಡ್ರಿ. ವಿಮೆ ಹಣ ಕಟ್ಟಿದ ರಸೀದಿ ಮನೇಲಿ ಅದಾವೇನು? ನನ್ನ ಲೆಕ್ಕ ತಾಳೆ ಆಗ್ತಿಲ್ಲ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಶಶಿಕಾಂತ್ ಹೆಂಗಸರ ಕಡೆ ನೋಡಿದ. ಎಲ್ಲರೂ ಕೇಳಿಸಿಕೊಂಡಿದ್ದರು. ಅವನ ಕೈ ಬೀಸಿ ಬಂತು. ಓಬಳೇಶನ ತುಟಿ ಒಡೆಯಿತು.

“ಯಾವನಲೇ ಬರೆಸಿದ್ದು ಇದನ್ನ? ಯಾರಿಗೆ ಕೊಡಾಕೆ ಬರೆದಿ?”

“ಪರೀಕ್ಷೆಗೆ ಸ್ವಾಮಿ. ಅಭ್ಯಾಸಕ್ಕೆ.”

“ದೊಡ್ಡೀರಪ್ಪ, ಹಿಡಿಯೋ ಇವನ್ನ.”

ಹಮಾಲರ ಮೇಸ್ತ್ರಿ ದೊಡ್ಡೀರಪ್ಪ ಹಿಂದಿನಿಂದ ಬಂದು ಓಬಳೇಶನ ತೋಳು ಹಿಡಿದ. ಶಶಿಕಾಂತ್ ಹೊಟ್ಟೆಗೆ ಒದ್ದ. ಬಲಗೈ ಎಳೆದು ತೂಕದ ಯಂತ್ರದ ಹಲಗೆ ಮೇಲೆ ಇಟ್ಟ. ಇಪ್ಪತ್ತು ಕಿಲೋದ ಕಬ್ಬಿಣದ ತೂಕ ಎತ್ತಿ ಹಾಕಿದ. ಮೂಳೆ ಮುರಿದ ಸದ್ದು ಮಿಷನ್ನಿನ ಗದ್ದಲದಲ್ಲೂ ಅಂಗಳದ ಆಚೆ ತುದಿಯವರಿಗೆ ಕೇಳಿತು. ಇನ್ನೊಂದು ಸಲ ಎತ್ತಿ ಹಾಕಿದ.

“ಬರಿ ಈಗ. ಸೋಮವಾರ ಹೋಗಿ ಬರಿ.”

ನೋಟ್‌ಬುಕ್ಕನ್ನು ಬಾಯ್ಲರಿನ ಒಲೆಗೆ ಎಸೆದ. ಒಳಗೆ ಗಾದಿಯ ಮೇಲಿದ್ದ ಜಂಬುಲಿಂಗಪ್ಪ ತಲೆ ಎತ್ತಲಿಲ್ಲ.

ಓಬಳೇಶ ನೆಲದ ಮೇಲೆ ಬಿದ್ದಿದ್ದ. ಕೈ ಕೈಯಾಗಿ ಉಳಿದಿರಲಿಲ್ಲ. ಆ ನೋವಿನಲ್ಲೇ ಅವನಿಗೆ ತಿಳಿಯಿತು, ತನ್ನ ಲೆಕ್ಕ ಸರಿಯಾಗಿತ್ತು. ಒಂದು ಪೈಸೆಯೂ ತಪ್ಪಿರಲಿಲ್ಲ. ಅದರ ಹಿಂದೆಯೇ ನಾಚಿಕೆ ಬಂತು. ನಾಲ್ಕು ವರ್ಷ ವಾರ ವಾರವೂ ಆ ಮೂವತ್ತನ್ನು ಕಳೆದು ಬರೆದದ್ದು ಇದೇ ಕೈ. ಹುಚ್ಚಕ್ಕನಿಗೆ ಅರ್ಧ ದಿನ ಬರೆದದ್ದೂ ಇದೇ ಕೈ.

“ಹೆಸರು ಕೂಗಲೇ. ಬಟವಾಡೆ ಮುಗಿಸಿ ಸಾಯಿ,” ಎಂದ ಶಶಿಕಾಂತ್, ಪಟ್ಟಿಯನ್ನು ಅವನ ಎದೆಯ ಮೇಲೆ ಎಸೆದು.

ಓಬಳೇಶ ಎದ್ದು ಕೂತ. ಬಾಯಲ್ಲಿ ತುಂಬಿದ ರಕ್ತ ಉಗುಳಿದ. ಪಟ್ಟಿಯನ್ನು ನೋಡಲೇ ಇಲ್ಲ.

“ಮೂಗಮ್ಮ. ನಾಲ್ಕು ವರ್ಷ. ಆರು ಸಾವಿರದ ಇನ್ನೂರ ನಲವತ್ತು. ವಿಮೆಗೆ ಕಟ್ಟಿಲ್ಲ.”

ಶಶಿಕಾಂತ್ ಬೆನ್ನಿಗೆ ಒದ್ದ. ಆದರೆ ಹೆಸರು ಕೂಗಿಯಾಗಿತ್ತು. ಮೂಗಮ್ಮನ ಕಾಲುಗಳು ರೂಢಿಯಂತೆ ತಾವೇ ನಡೆದವು.

“ಬಂದೆ.”

“ತಿಪ್ಪೇರುದ್ರಮ್ಮ. ಎರಡು ವರ್ಷ. ಮೂರು ಸಾವಿರದ ನೂರಾ ಇಪ್ಪತ್ತು. ಕಟ್ಟಿಲ್ಲ.”

“ಬಂದೆ.”

“ಸ್ವಪ್ನ. ಒಂದು ವರ್ಷ. ಸಾವಿರದ ಐನೂರ ಅರವತ್ತು.”

“ಬಂದೆ ಅಣ್ಣ.”

ಕೂಗಿದಷ್ಟೂ ಒದೆ ಬಿದ್ದವು. ಮೊದಲು ಬಂದವರು ರೂಢಿಗೆ ಬಂದರು. ಐದಾರು ಹೆಸರಾದ ಮೇಲೆ ಬಂದವರು ತಿಳಿದೇ ಬಂದರು. ಬಂದವರು ಹಿಂದೆ ಸರಿಯಲಿಲ್ಲ, ಓಬಳೇಶನ ಸುತ್ತ ನಿಂತರು. ಹತ್ತನೆಯವಳು ಬರುವ ಹೊತ್ತಿಗೆ ಶಶಿಕಾಂತನ ಕಾಲು ಓಬಳೇಶನಿಗೆ ಎಟುಕಲಿಲ್ಲ. ಶಶಿಕಾಂತ್ ಹಮಾಲರ ಕಬ್ಬಿಣದ ಕೊಕ್ಕೆ ಹಿರಿದು ಬೀಸಿದ. ಅದು ಮುಂದೆ ನಿಂತಿದ್ದ ಗೀತಮ್ಮನ ಭುಜ ಸೀಳಿತು. ಅವಳು ಕೊಕ್ಕೆಯ ಹಿಡಿಯನ್ನು ಎರಡೂ ಕೈಯಿಂದ ಹಿಡಿದು ನಿಂತಳು. ಪಕ್ಕದ ನಾಲ್ವರು ಅವನ ತೋಳಿಗೆ ಬಿದ್ದು ಕೊಕ್ಕೆ ಕಿತ್ತುಕೊಂಡರು. ಮೂಗಮ್ಮ ಅವನ ಕೆನ್ನೆಗೆ ಬಾರಿಸಿ ಕೆಡವಿದಳು. ಶೇಂಗಾ ಸಿಪ್ಪೆಯಲ್ಲಿ ಬಿದ್ದವನು ಏಳಲು ನೋಡಿದ. ಏಳಲು ಜಾಗ ಇರಲಿಲ್ಲ.

“ಹಿಡಿಯೋ ದೊಡ್ಡೀರಪ್ಪ, ಹಿಡಿಯೋ,” ಎಂದ.

ದೊಡ್ಡೀರಪ್ಪ ಹೋಗಿ ಮಿಷನ್ನಿನ ಸ್ವಿಚ್ ಆರಿಸಿದ. ಗೋಡೆಗೆ ಒರಗಿ, ನೆಲ ನೋಡುತ್ತ ನಿಂತ.

ಜಂಬುಲಿಂಗಪ್ಪ ಈಗ ಬಾಗಿಲಿಗೆ ಬಂದಿದ್ದರು. “ಸಾಕು ನಿಲ್ಲಿಸ್ರೇ. ಓಬಳೇಶ, ಆಸ್ಪತ್ರೆ ಖರ್ಚು ನಾನು ನೋಡ್ಕಂತೀನಿ. ಬಾಯಿ ಮುಚ್ಚು.”

ಓಬಳೇಶ ಹುಚ್ಚಕ್ಕನನ್ನು ನೋಡಿದ. ಅವಳ ಹೆಸರು ಇನ್ನೂ ಬಂದಿರಲಿಲ್ಲ. ಅವಳು ಸಾಲಿನಲ್ಲೇ ನಿಂತಿದ್ದಳು, ಕಣ್ಣು ಕೆಂಪಾಗಿತ್ತು.

“ನಿಲ್ಲಿಸಬ್ಯಾಡ ಓಬಳೇಶ,” ಎಂದಳು. “ನಂದು ಎಷ್ಟು, ಕೂಗು.”